ಇನ್ನೊಂದು ಬಾಗಿಲು ಬೇಕು ಅಂದ್ರೆ ಇನ್ನೊಂದು ಮನೆನೇ ಕಟ್ಟೋದಾ?

ಮಂಡ್ಯದ ಒಂದು ಕಾಲೇಜಿಗೆ ಮೈಸೂರಿನಲ್ಲಿ ಕೂತು ನಾವು ಫಲಿತಾಂಶ ತೋರಿಸುವ ಜಾವಾ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ವಿಳಾಸದ ಕೊನೆಗೆ ‘/ರಿಸಲ್ಟ್’ ಅಂತ ಇತ್ತು. ‘/ಫಲಿತಾಂಶ’ ಅಂತ ಹೊಡೆದರೂ ಅದೇ ತೆರೆಯಲಿ ಅಂದರು ಕಾಲೇಜಿನವರು. ನ್ಯಾಯವಾದ ಆಸೆ. ನಾವು ಮಾಡಿದ್ದು ಮಾತ್ರ ಸೋಮಾರಿ ಕೆಲಸ. ಇಡೀ ಅಪ್ಲಿಕೇಶನ್ ಕಟ್ಟಿಟ್ಟ ವಾರ್ ಫೈಲನ್ನೇ ಇನ್ನೊಂದು ಹೆಸರಲ್ಲಿ ಕಾಪಿ ಮಾಡಿ, ಅದನ್ನ ನಡೆಸುವ ಟಾಮ್‌ಕ್ಯಾಟ್ ಸರ್ವರ್‌ಗೆ ಹಾಕಿದೆವು. ಫೈಲಿನ ಹೆಸರೇ ವಿಳಾಸದಲ್ಲಿ ಬರೋದರಿಂದ ಎರಡೂ ತೆರೆದವು. ಟೀ ಕುಡಿಯೋಕೆ ಹೋದೆವು.

ಫಲಿತಾಂಶದ ರಾತ್ರಿ ಪೋಷಕರಿಗೆಲ್ಲ ಮೆಸೇಜ್ ಎರಡೆರಡು ಸಲ ಹೋಯಿತು. ಬೆಳಗ್ಗೆ ಒಬ್ಬರು ಫೋನ್ ಮಾಡಿದರು. “ಏನ್ ಸಾರ್, ನನ್ ಮಗ ಎರಡ್ ಸಲ ಫೇಲಾದ್ನಾ?”

ಆಗಿದ್ದಿಷ್ಟೇ. ಟಾಮ್‌ಕ್ಯಾಟ್ ಕಣ್ಣಿಗೆ ಅವು ಎರಡು ಬೇರೆ ಅಪ್ಲಿಕೇಶನ್. ಮೆಸೇಜ್ ಕಳಿಸುವ ಟೈಮರ್ ಎರಡು. ಡೇಟಾಬೇಸ್ ಕನೆಕ್ಷನ್ 20 ಸಾಕು ಅಂತ ಇಟ್ಟಿದ್ದು 40 ಆಯಿತು. ಮೆಮೊರಿಯೂ ಎರಡು ಪಾಲು. ಒಂದು ಕಡೆ ಲಾಗಿನ್ ಆದವರು ಇನ್ನೊಂದು ವಿಳಾಸಕ್ಕೆ ಹೋದರೆ ಮತ್ತೆ ಪಾಸ್‌ವರ್ಡ್ ಕೊಡಬೇಕು. ಲಾಗಿನ್ ಗುರುತಿಗೆ ಬ್ರೌಸರ್ ಇಟ್ಟುಕೊಳ್ಳುವ ಚೀಟಿ, ಅಂದರೆ ಕುಕಿ, ಯಾವ ವಿಳಾಸಕ್ಕೆ ಹೋಗಬೇಕು ಅನ್ನುವ ಪಾತ್ ಬದಲಿಸಿದರೆ ಸರಿಹೋಗುತ್ತೆ ಅಂತ ನಮ್ಮ ಹುಡುಗನೊಬ್ಬ ಅರ್ಧ ದಿನ ಒದ್ದಾಡಿದ. ಕುಕಿ ಒಂದೇ ಆದರೂ ಸೆಷನ್, ಅಂದರೆ ಯಾರು ಲಾಗಿನ್ ಆಗಿದ್ದಾರೆ ಅನ್ನೋ ನೆನಪು, ಇರೋದು ಆಯಾ ಅಪ್ಲಿಕೇಶನ್ ಒಳಗೇ ಅಲ್ವಾ?

ಮೈಸೂರು ಅರಮನೆಗೆ ವರಾಹ ದ್ವಾರ ಇದೆ, ಜಯಮಾರ್ತಾಂಡ ದ್ವಾರ ಇದೆ, ಬಲರಾಮ ದ್ವಾರನೂ ಇದೆ. ಅರಮನೆ ಮಾತ್ರ ಒಂದೇ. ನಾವು ಬಾಗಿಲಿಗೊಂದು ಅರಮನೆ ಕಟ್ಟಿ ಕೂತಿದ್ದೆವು.

ಸರಿಯಾದ ದಾರಿ ಸುಲಭವೇ ಇತ್ತು. ವಾರ್ ಫೈಲ್ ಒಂದೇ ಇಟ್ಟು, ಅದಕ್ಕೆ ‘ರೂಟ್’ ಅಂತ ಹೆಸರು ಕೊಟ್ಟೆವು. ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು, ಲಿನಕ್ಸ್ ಇದನ್ನೆಲ್ಲ ಮಾಫಿ ಮಾಡಲ್ಲ. ಆಗ ವಿಳಾಸಕ್ಕೆ ಅಪ್ಲಿಕೇಶನ್ ಹೆಸರು ಅಂಟಿಕೊಳ್ಳುವುದಿಲ್ಲ. ಆಮೇಲೆ ಒಂದೇ ಸರ್ವ್ಲೆಟ್‌ಗೆ, ಅಂದರೆ ಬಂದ ಕೋರಿಕೆಗೆ ಉತ್ತರ ಕೊಡುವ ಜಾವಾ ಕೋಡಿಗೆ, ಎರಡು ಯುಆರ್‌ಎಲ್ ಪ್ಯಾಟರ್ನ್ ಕೊಟ್ಟರಾಯಿತು. ಸರ್ವ್ಲೆಟ್ 2.5 ಆವೃತ್ತಿಯಿಂದ ಒಂದೇ ಮ್ಯಾಪಿಂಗ್‌ನಲ್ಲಿ ಇಂಥ ಪ್ಯಾಟರ್ನ್ ಎಷ್ಟು ಬೇಕಾದರೂ ಬರೆಯಬಹುದು. ಬಂದವರು ಯಾವ ಬಾಗಿಲಿಂದ ಬಂದರು ಅನ್ನೋದನ್ನ ಸರ್ವ್ಲೆಟ್ ಪಾತ್ ಕೇಳಿದರೆ ಅದೇ ಹೇಳುತ್ತೆ. ಒಳಗಿನ ಲಿಂಕ್‌ಗಳನ್ನೂ ಅದೇ ಬಾಗಿಲಿನ ಹೆಸರಲ್ಲಿ ಕಟ್ಟಬಹುದು.

ಟಾಮ್‌ಕ್ಯಾಟ್ ಎದುರಿಗೆ ಎಂಜಿನ್‌ಎಕ್ಸ್ ಅನ್ನೋ ಇನ್ನೊಂದು ಸರ್ವರ್ ಇಟ್ಟು, ಒಂದು ವಿಳಾಸವನ್ನ ಇನ್ನೊಂದಕ್ಕೆ ತಿರುಗಿಸಬಹುದು ಅಂತೀರಿ. ಮಾಡಬಹುದು. ಆದರೆ ಲಿಂಕು, ಕುಕಿ ಎರಡರ ಪಾತ್‌ನೂ ಹೊಂದಿಸಬೇಕು, ಅದನ್ನ ಮರೆಯೋರೇ ಜಾಸ್ತಿ. ಹಳೇ ವಿಳಾಸ ಹೊಸದಕ್ಕೆ ಹೋದರೆ ಸಾಕು ಅನ್ನುವಾಗ ಇದ್ಯಾವುದೂ ಬೇಡ, ಬ್ರೌಸರನ್ನ ಹೊಸ ವಿಳಾಸಕ್ಕೆ ಕಾಯಂ ಆಗಿ ಕಳಿಸುವ ಒಂದು 301 ರೀಡೈರೆಕ್ಟ್ ಸಾಕು.

ಫೋನ್ ಮಾಡಿದ ಆ ಅಪ್ಪನಿಗೆ ಇದನ್ನೆಲ್ಲ ಹೇಳಲಿಲ್ಲ. “ಇಲ್ಲ ಸಾರ್, ಒಂದೇ ಸಲ” ಅಂದೆ. “ಸದ್ಯ” ಅಂದು ಇಟ್ಟರು.