ಮರಿಯಾ ಮರಿಯಪ್ಪ ಆದಾಗ

ಟೋಕಿಯೋದ ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಅಂಗಡಿಗಳಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಒಂದನೇ ಕ್ಲಾಸಿನಲ್ಲಿ ವರ್ಣಮಾಲೆ ಬಾಯಿಪಾಠ ಮಾಡಿದ್ದರೆ ಸಾಕು, ಬೇಕಾದ ಗಾಯಕರು ಸಿಕ್ಕೇ ಸಿಗುತ್ತಾರೆ. ಅಲ್ಲಿ ಪ್ಲೇಟುಗಳನ್ನು ಜೋಡಿಸಿರುವುದು ಮೊದಲು ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತದ ಮಂತ್ರ ಓದಲು ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿ ಕಲಿತರಲ್ಲ, ಅಲ್ಲಿಂದ ಬಂದ ಕ್ರಮ ಇದು. ಅವರಿಗೆ ಪುಣ್ಯ ಬಂತೋ ಇಲ್ಲವೋ, ನನಗಂತೂ ಜಪಾನಿ ಪಾಪ್ ಗಾಯಕ ಯಮಾಶಿತಾ ತತ್ಸುರೊ ಸಿಕ್ಕಿದರು. ಮ ಸಾಲಿನಲ್ಲಿ ಮತ್ಸುಬಾರಾ ಮಿಕಿ ದಾಟಿದರೆ ಮುಂದೆ ಯ. ಅಲ್ಲೇ ಇದ್ದಾರೆ.

ಕೈಕೊಟ್ಟದ್ದು ಹೊಸೊನೊ ಹರುಓಮಿ ಒಬ್ಬರೇ. ನಮ್ಮ ಹ ಇರುವುದು ಶ ಷ ಸ ಆದ ಮೇಲೆ. ಹಾಗಾಗಿ ಅಂಗಡಿಯ ಆ ತುದಿಗೆ ಹೋಗಿ ಹುಡುಕಿದ್ದೇ ಹುಡುಕಿದ್ದು. ಅವರೋ ನ ಮತ್ತು ಮ ಮಧ್ಯೆ ಆರಾಮಾಗಿ ಕೂತಿದ್ದರು. ಜಪಾನಿನವರ ಹ ಒಂದು ಕಾಲದಲ್ಲಿ ಪ ಆಗಿತ್ತಂತೆ. ನಮ್ಮ ಹಳಗನ್ನಡದ ಪಾಲು ಈಗ ಹಾಲಾಗಿಲ್ವಾ, ಹಾಗೇ. ಅಕ್ಷರ ಬದಲಾದರೂ ಕೂತ ಜಾಗ ಬಿಟ್ಟುಕೊಟ್ಟಿಲ್ಲ.

ಎಪ್ಪತ್ತು, ಎಂಬತ್ತರ ದಶಕದ ಈ ಜಪಾನಿ ಪಾಪ್ ಹಾಡುಗಳ ಹುಚ್ಚು ನನಗೊಬ್ಬಳಿಗೇ ಹಿಡಿದದ್ದಲ್ಲ. 2017ರಲ್ಲಿ ಯಾರೋ ಒಬ್ಬರು ತಕೆಯುಚಿ ಮರಿಯಾ ಅವರ ‘ಪ್ಲಾಸ್ಟಿಕ್ ಲವ್’ ಹಾಡನ್ನು ಯೂಟ್ಯೂಬಿಗೆ ಹಾಕಿದರು. 1984ರ ‘ವೆರೈಟಿ’ ಆಲ್ಬಮ್ಮಿನ ಹಾಡು. ಜೊತೆಗಿದ್ದ ಕಪ್ಪು ಬಿಳುಪು ಚಿತ್ರ ಬೇರೆ ಯಾವುದೋ ರೆಕಾರ್ಡಿನದು. ಅದೇನು ಮಾಯೆಯೋ, ನೀವು ದಾಸರ ಪದ ಕೇಳುತ್ತಿದ್ದರೂ ಮುಂದಿನ ವಿಡಿಯೋ ಆಗಿ ಆ ನಗುಮುಖ ಬಂದು ಕೂರುತ್ತಿತ್ತು. 2020ರ ಕೊನೆಗೆ ಮತ್ಸುಬಾರಾ ಮಿಕಿ 1979ರಲ್ಲಿ ಹಾಡಿದ ಹಾಡೊಂದು ಲೋಕದ ಫೋನುಗಳಲ್ಲೆಲ್ಲ ಮೊಳಗಿತು. ಪಾಪ, ಅವರು ತೀರಿಕೊಂಡದ್ದು 2004ರಲ್ಲಿ.

ಅಷ್ಟು ದಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪ್ಲೇಟುಗಳಿಗೆ ಆಗ ಬಂತು ನೋಡಿ ಬೆಲೆ. ಓನುಕಿ ತಯೆಕೊ ಅವರ 1977ರ ‘ಸನ್‌ಶವರ್’ ಹುಡುಕಿಕೊಂಡು ಅಮೆರಿಕದಿಂದ ಒಬ್ಬ ವಿಮಾನ ಹತ್ತಿ ಬಂದ. ಅದನ್ನು ಇಲ್ಲಿನ ಟಿವಿಯವರು ತೋರಿಸಿದರು. ಸರಿ, ಜಪಾನಿನವರೇ ಮನೆಯ ಅಟ್ಟ ಹತ್ತಿದರು. ಯಮಾಶಿತಾ ಅಂತೂ ಬಹುಕಾಲದಿಂದ ಸ್ಟ್ರೀಮಿಂಗಿಗೆ ಒಲ್ಲೆ ಎಂದವರು. ಅವರ 1982ರ ‘ಫಾರ್ ಯೂ’ ಈ ಹುಚ್ಚು ಶುರುವಾದ ಮೇಲೆ ಮತ್ತೆ ಪ್ಲೇಟಿನಲ್ಲಿ ಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಹಳೆಯದಕ್ಕೆ ಅಂಗಡಿಯವರು ಹೇಳಿದ್ದೇ ರೇಟು.

ನಿಜ ಹೇಳಬೇಕೆಂದರೆ ಈ ಆಲ್ಬಮ್ಮುಗಳಲ್ಲಿ ಅರ್ಧ ಸುಖ ಹೊದಿಕೆಯ ಚಿತ್ರದ್ದು. ಓತಾಕಿ ಐಯಿಚಿ ಅವರ 1981ರ ‘ಎ ಲಾಂಗ್ ವೆಕೇಶನ್’ ನೋಡಿ. ನಗಾಯಿ ಹಿರೋಶಿ ಬರೆದ ಚಿತ್ರ. ನೀಲಿ ಆಕಾಶ, ನೀಲಿ ಈಜುಕೊಳ, ಒಂದು ನರಪಿಳ್ಳೆ ಇಲ್ಲ. ಆ ಕಾಲದ ಹೊದಿಕೆಗಳಲ್ಲಿ ಯಾರೂ ಆಫೀಸಿಗೆ ಹೋಗುವುದೇ ಇಲ್ಲ. ಕೊಂಡವರೆಲ್ಲ ರಾತ್ರಿ ಕೊನೇ ರೈಲಿನವರೆಗೂ ಆಫೀಸಿನಲ್ಲಿದ್ದವರು. ಅದಕ್ಕೇ ಕೊಂಡಿರಬೇಕು.

ಆದರೆ ಹೊದಿಕೆ ನಂಬಿ ಕೆಟ್ಟವರೂ ಇದ್ದಾರೆ. ಸಮುದ್ರ, ತೆಂಗಿನ ಮರ, ಮೇಲೆ ಹೊಸೊನೊ, ಸುಜುಕಿ, ಯಮಾಶಿತಾ ಮೂವರ ಹೆಸರು. ಇನ್ನೇನು ಬೇಕು? ಮನೆಗೆ ತಂದು ಹಾಕಿದರೆ ಒಬ್ಬರೂ ಬಾಯಿ ಬಿಡಲಿಲ್ಲ. 1978ರ ‘ಪೆಸಿಫಿಕ್’, ಬರೀ ವಾದ್ಯ ಸಂಗೀತ. ಇನ್ನೊಂದು ಪ್ಲೇಟಿನ ಮೇಲೆ ಹಸಿರು ಬೆಟ್ಟ, ಬಿಳಿ ಹೊಗೆ. ಮುಳ್ಳು ಇಟ್ಟರೆ ‘ಛುಕ್ ಛುಕ್’ ಶುರುವಾಯಿತು. ಮುನ್ನುಡಿಯಾಗಿ ರೈಲಿನ ಸದ್ದು ಇಟ್ಟಿದ್ದಾರೆ, ಈಗ ಹಾಡು ಬರುತ್ತೆ ಅಂತ ಕಾದೆವು. ರೈಲು ಸ್ಟೇಷನ್ ಬಿಟ್ಟಿತು, ಸೇತುವೆ ದಾಟಿತು, ಸೀಟಿ ಹೊಡೆಯಿತು. ಹಾಡು ಬರಲೇ ಇಲ್ಲ. ಎಪ್ಪತ್ತರ ದಶಕದಲ್ಲಿ ಉಗಿಬಂಡಿಗಳು ಮರೆಯಾಗುತ್ತಿದ್ದಾಗ ಅವುಗಳ ಸದ್ದನ್ನೇ ಪ್ಲೇಟು ಮಾಡಿ ಮಾರುತ್ತಿದ್ದರಂತೆ. ನಮ್ಮೆಜಮಾನರು ಮಾತ್ರ ಎರಡೂ ಬದಿ ಪೂರ್ತಿ ಕೇಳಿದರು. “ಅರಸೀಕೆರೆ ಜಂಕ್ಷನ್ ನೆನಪಾಯ್ತು ಕಣೇ” ಅಂದರು.

ಇನ್ನು ಪ್ಲೇಯರಿನ ವಿಷಯ. ಮೊದಲು ನನ್ನ ಹತ್ತಿರ ಇದ್ದದ್ದು ಸೂಟ್‌ಕೇಸಿನಂಥ ಒಂದು ಸಣ್ಣ ಡಬ್ಬ. ಇವರು ಆಫೀಸ್ ಕೆಲಸದ ಮೇಲೆ ಒಸಾಕಾಕ್ಕೆ ಹೋದವರು ಅಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಳ್ಳೇ ಪ್ಲೇಯರ್ ಹಿಡಿದರು. ಎಪ್ಪತ್ತರ ದಶಕದ ಮಾಲು, ಮರದ ಪೆಟ್ಟಿಗೆ, ರಬ್ಬರ್ ಬೆಲ್ಟಿನಿಂದ ತಿರುಗುವಂಥದ್ದು. ಅಂಗಡಿಯವನು ಹಾಕಿ ತೋರಿಸಿದಾಗ ಚೆನ್ನಾಗೇ ಹಾಡಿತಂತೆ. ಶಿಂಕಾನ್ಸೆನ್ ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದರು. ಹೆಂಡತಿ ಹುಚ್ಚಿಗೆ ಗಂಡ ಕೈಯಾರೆ ಕಾಸು ಬಿಚ್ಚಿದ ಅಪರೂಪದ ದಿನ ಅದು.

ಆಗ ನಮ್ಮತ್ತೆ ಮೈಸೂರಿನಿಂದ ಬಂದು ಟೋಕಿಯೋದ ನಮ್ಮ ನಿಶಿ ಕಸಾಯಿ ಮನೆಯಲ್ಲಿದ್ದರು. ಪೂಜೆ ಮುಗಿಸಿ ಕಾಫಿ ಹಿಡಿದು ಕೂತಿದ್ದರು. ಉದ್ಘಾಟನೆಗೆ ‘ವೆರೈಟಿ’ಯೇ ಆಗಲಿ ಅಂತ ಹಾಕಿದೆ. ಎರಡನೇ ಹಾಡು ‘ಪ್ಲಾಸ್ಟಿಕ್ ಲವ್’ ಶುರುವಾಗುವ ಹೊತ್ತಿಗೆ ನನ್ನ ಮುಖ ಇಳಿದಿತ್ತು. ಐದು ನಿಮಿಷದ ಹಾಡು ಆರು ನಿಮಿಷ ಎಳೆಯಿತು. ಡ್ರಮ್ಮು ಊಟ ಮಾಡಿ ಮಲಗಲು ಹೊರಟಂತಿತ್ತು. ಮರಿಯಾ ಅವರ ದನಿಯೋ, ಯಾರೋ ಶೀತ ಆದ ಗಂಡಸಿನ ದನಿ.

ಅತ್ತೆ ಲೋಟ ಕೆಳಗಿಟ್ಟು ಕೇಳಿದರು. “ಯಾರಮ್ಮಾ ಈತ? ಎಷ್ಟು ನಿಧಾನವಾಗಿ, ಭಾವ ತುಂಬಿ ಹಾಡ್ತಾನೆ!”

“ಅತ್ತೆ, ಅದು ಗಂಡಸಲ್ಲ. ಮರಿಯಾ ಅಂತ.”

“ಮರಿಯಪ್ಪ ಅನ್ನು ಮತ್ತೆ. ನಮ್ಮ ಬೀದೀಲೂ ಒಬ್ಬ ಮರಿಯಪ್ಪ ಇದ್ದ. ಅವನೂ ಭಜನೇಲಿ ಹೀಗೇ ದಪ್ಪ ದನಿ.”

ಇವರಿಗೆ ಅನುಮಾನ ಬೆಲ್ಟಿನ ಮೇಲೆ. ಬೆಲ್ಟು ಬದಲಾಯಿಸಿದರು, ಎಣ್ಣೆ ಬಿಟ್ಟರು, ಪೆಟ್ಟಿಗೆಗೆ ಎರಡು ತಟ್ಟಿದರು. ಮರಿಯಪ್ಪ ಜಗ್ಗಲಿಲ್ಲ. ಕೊನೆಗೆ ಗೊತ್ತಾದದ್ದು, ತಪ್ಪು ಪ್ಲೇಯರಿನದಲ್ಲ, ಜಪಾನಿನದು. ಈ ದೇಶದ ಕರೆಂಟು ಎರಡು ಥರ. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದರು, 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಆವರ್ತನ. ಒಸಾಕಾದವರು ಅಮೆರಿಕದಿಂದ ತರಿಸಿದರು, 60 ಹರ್ಟ್ಸ್. ಇವತ್ತಿಗೂ ಅದೇ ನಡೆಯುತ್ತಿದೆ. ಗಡಿ ಶಿಜುಓಕಾದ ಫುಜಿ ನದಿಯ ಹತ್ತಿರ. 2011ರ ಸುನಾಮಿ ಆದಾಗ ಪಶ್ಚಿಮದ ಕರೆಂಟನ್ನು ಪೂರ್ವಕ್ಕೆ ಬೇಕಾದಷ್ಟು ಕಳಿಸಲಾಗದೆ ಒದ್ದಾಡಿದ್ದೂ ಇದರಿಂದಲೇ.

ಹಳೇ ಪ್ಲೇಯರುಗಳ ಮೋಟಾರು ಕರೆಂಟಿನ ಹರ್ಟ್ಸ್ ನೋಡಿಕೊಂಡು ತಿರುಗುತ್ತದೆ. ಅದರ ಮೂತಿಗೆ ಒಂದು ಸಣ್ಣ ಹಿತ್ತಾಳೆ ಪುಲ್ಲಿ ಇರುತ್ತದೆ. ಒಸಾಕಾದಲ್ಲಿ 60ರ ಪುಲ್ಲಿ, ಟೋಕಿಯೋದಲ್ಲಿ 50ರ ಪುಲ್ಲಿ. ನಮ್ಮದು 60ರದು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತಬೇಕಾದ ಪ್ಲೇಟು ಇಪ್ಪತ್ತೆಂಟು ಸುತ್ತೂ ಸುತ್ತದೆ ಸುಸ್ತಾಗಿತ್ತು. ದನಿ ಮೂರು ಸ್ವರಸ್ಥಾನ ಕೆಳಗಿಳಿದಿತ್ತು. ತಮಾಷೆ ಏನು ಗೊತ್ತಾ, ಒಸಾಕಾದಿಂದ ಪ್ಲೇಯರನ್ನು ಹೊತ್ತು ತಂದ ಶಿಂಕಾನ್ಸೆನ್ ರೈಲಿಗೆ ಟೋಕಿಯೋ ತನಕ 60 ಹರ್ಟ್ಸಿನ ಕರೆಂಟೇ ಕೊಡುತ್ತಾರೆ. ರೈಲಿಗಿರುವ ಮರ್ಯಾದೆ ಅದರೊಳಗೆ ಕೂತ ಪ್ಲೇಯರಿಗಿಲ್ಲ.

ಮರಿಯಾ ಅವರ ಗಂಡ ಬೇರೆ ಯಾರೂ ಅಲ್ಲ, ಯಮಾಶಿತಾ ಅವರೇ. ‘ವೆರೈಟಿ’ ನಿರ್ಮಿಸಿದ್ದೂ ಅವರೇ. ಸ್ಟುಡಿಯೋದಲ್ಲಿ ಅಷ್ಟು ಮುತುವರ್ಜಿಯಿಂದ ಹಿಡಿದಿಟ್ಟ ಹೆಂಡತಿಯ ದನಿಯನ್ನು ನಿಶಿ ಕಸಾಯಿಯ ಸ್ವಿಚ್ ಬೋರ್ಡು ಒಂದೇ ಏಟಿಗೆ ಮರಿಯಪ್ಪ ಮಾಡಿತಲ್ಲ ಅಂತ ನನಗೆ ಸಂಕಟ. ಅತ್ತೆ ಮಾತ್ರ ದಿನಾ ಸಂಜೆ ದೀಪ ಹಚ್ಚಿದ ಮೇಲೆ, “ಆ ಮರಿಯಪ್ಪನ್ನ ಹಾಕಮ್ಮಾ” ಅನ್ನುತ್ತಿದ್ದರು.

50ರ ಪುಲ್ಲಿ ಬರುವಷ್ಟರಲ್ಲಿ ಇಲ್ಲಿನ ಮಳೆಗಾಲ ಹಿಡಿಯಿತು. ಜೂನ್ ಬಂತೆಂದರೆ ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತೆ, ಪ್ಲೇಟುಗಳಿಗೆ ಬೂಷ್ಟು. ನಾನು ಬಾಲ್ಕನಿಯಲ್ಲಿ ಬಿಸಿಲು ಬಿದ್ದಾಗ ಇಡೋಣ ಅಂದೆ. ಅತ್ತೆ ಬೈದರು. “ಹಪ್ಪಳವೇ ಇದು, ಬಿಸಿಲಿಗೆ ಹಾಕೋಕೆ? ಸೊಟ್ಟಗಾಗುತ್ತೆ. ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಆರಿಸು.” ಮಾತು ಸರಿಯಾಗೇ ಇತ್ತು. ಮಾರನೇ ದಿನ ನಾನು ಆಫೀಸಿಗೆ ಹೋದಾಗ ಅವರೇ ಒಂದೊಂದನ್ನೂ ಒರೆಸಿ, ಆರಿಸಿ, ಹೊದಿಕೆಯೊಳಗೆ ಹಾಕಿ, ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯವರೂ ಅಷ್ಟು ಚೆನ್ನಾಗಿ ಒರೆಸುವುದಿಲ್ಲ.

ಆದರೂ ಏನೋ ಕಮ್ಮಿ ಆಗಿದೆ ಅನ್ನಿಸಿತು. ನೋಡುತ್ತೇನೆ, ಓಬಿ ಇಲ್ಲ.

ಓಬಿ ಅಂದರೆ ಹೊದಿಕೆಯ ಎಡಗಡೆ ಸೊಂಟಪಟ್ಟಿಯ ಹಾಗೆ ಸುತ್ತಿರುವ ಕಾಗದ. ಹೆಸರು, ಒಂದೆರಡು ಸಾಲು ಹೊಗಳಿಕೆ, 2,800 ಯೆನ್ ಅಂತ ಆ ಕಾಲದ ಬೆಲೆ, ಅಷ್ಟೇ. ಆಗ ಕೊಂಡವರು ಬಹಳಷ್ಟು ಜನ ಅದನ್ನು ಕಿತ್ತು ಎಸೆದರು. ಅದಕ್ಕೇ ಈಗ ಉಳಿದಿರುವುದಕ್ಕೆ ಇಷ್ಟು ಬೆಲೆ. ಪ್ಲೇಟಿನಲ್ಲಿ ಗೀರಿದ್ದರೂ ಕ್ಷಮಿಸುತ್ತಾರೆ, ಓಬಿ ಇಲ್ಲದಿದ್ದರೆ ಅಂಗಡಿಯವರ ಮುಖ ಸಪ್ಪಗಾಗುತ್ತದೆ. ಹಾಡು ಕೇಳುವವರು ಕಾಗದಕ್ಕೆ ಯಾಕೆ ದುಡ್ಡು ಕೊಡಬೇಕು ಅಂತ ಕೇಳಬೇಡಿ. ನಾನೂ ಕೊಟ್ಟಿದ್ದೇನೆ, ಇನ್ನೂ ಕೊಡುತ್ತೇನೆ.

“ಆ ಜಾಹೀರಾತು ಚೀಟಿನಾ? ರೇಟು ಬೇರೆ ಬರೆದಿತ್ತು, ಬಂದೋರು ನೋಡಿದ್ರೆ ಚೆನ್ನಾಗಿರಲ್ಲ ಅಂತ ಎಲ್ಲಾ ತೆಗೆದೆ” ಅಂದರು ಅತ್ತೆ. ಎಲ್ಲಿಟ್ಟಿದ್ದೀರಿ ಅಂದರೆ, ಅವತ್ತು ಹಳೇ ಪೇಪರ್ ತೆಗೆದುಕೊಂಡು ಹೋಗುವ ದಿನ. ನಾನೇ ಕಸದ ಕ್ಯಾಲೆಂಡರ್ ಗೋಡೆಗೆ ಅಂಟಿಸಿ, ಯಾವ ದಿನ ಯಾವ ಕಸ ಅಂತ ಅವರಿಗೆ ಹೇಳಿಕೊಟ್ಟಿದ್ದೆ. ನೀಟಾಗಿ ದಾರ ಕಟ್ಟಿ ಇಟ್ಟಿದ್ದರಂತೆ. ಎದುರು ಮನೆಯಾಕೆ ನೋಡಿ ತಲೆಬಾಗಿ ನಮಸ್ಕಾರ ಬೇರೆ ಮಾಡಿದಳಂತೆ. ನನ್ನ ಓಬಿಗಳು ಈಗ ಯಾರ ಮನೆಯಲ್ಲೋ ಟಾಯ್ಲೆಟ್ ಪೇಪರ್ ಆಗಿರಬೇಕು.

ನಾನು ಏನೂ ಮಾತಾಡಲಿಲ್ಲ. ಇವರು ಸದ್ದಿಲ್ಲದೆ ಫೋನು ತೆಗೆದು ಓಬಿ ಇರುವ, ಇಲ್ಲದ ರೇಟು ನೋಡಿದರು. ಯೆನ್ನನ್ನು ರೂಪಾಯಿ ಮಾಡಿದರು. ಫೋನು ಮುಚ್ಚಿಟ್ಟು ಸ್ನಾನಕ್ಕೆ ಹೋದರು.

ಅದೇ ವಾರ ಪುಲ್ಲಿ ಬಂತು. ಹಾಕಿದ ಕೂಡಲೇ ಮರಿಯಾ ಮರಿಯಾ ಆದರು. ಡ್ರಮ್ಮಿಗೆ ಜೀವ ಬಂತು, ಗಿಟಾರು ಕುಣಿಯಿತು. ಓಬಿಯ ದುಃಖ ಸ್ವಲ್ಪ ಮರೆಯಿತು. ಅತ್ತೆ ಅರ್ಧ ಹಾಡು ಕೇಳಿ ಎದ್ದರು. “ಯಾರೋ ಹುಡುಗಿ, ರೈಲು ಹಿಡಿಯೋ ಆತುರ ಅವಳಿಗೆ. ಮರಿಯಪ್ಪನ್ನ ಹಾಕು ಅಂದ್ರೆ!”

ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಕ ನೋಡುತ್ತಿದ್ದೆವು. 23 ಕೆಜಿಯ ಮಿತಿ. ಬರುವಾಗ ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ತುಂಬಿಕೊಂಡು ಬಂದ ಜಾಗ ಖಾಲಿ ಇತ್ತು. ಅತ್ತೆ ಮೆಲ್ಲಗೆ ಮಗನನ್ನು ಕೇಳಿದರು. “ನಮ್ಮ ಮೈಸೂರಲ್ಲಿ ಯಾವ ಕರೆಂಟು?”

“50 ಹರ್ಟ್ಸ್ ಅಮ್ಮಾ. ಯಾಕೆ?”

“ಹಾಗಿದ್ರೆ ಆ ಹಳೇ ಪುಲ್ಲಿ ವಾಪಸ್ ಹಾಕಿ ಪೆಟ್ಟಿಗೇನ ಕಟ್ಟಿಕೊಡು. ಒಸಾಕಾಕ್ಕೆ ಮತ್ತೆ ಹೋಗ್ತೀಯಲ್ಲ, ನಿನ್ನ ಹೆಂಡ್ತಿಗೆ ಇನ್ನೊಂದು ತಂದ್ಕೊಡು.”

ಇವರು ವೋಲ್ಟೇಜ್ ಬೇರೆ, ಇಲ್ಲಿ 100, ಅಲ್ಲಿ 230, ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಸುಟ್ಟುಹೋಗುತ್ತೆ ಅಂತ ವಿವರಿಸಿದರು.

“ಅದನ್ನೂ ಹಾಕು” ಅಂದರು ಅತ್ತೆ.