ಬ್ಯಾಂಕಾಕಲ್ಲಿ ಪುಂಡಿಪಲ್ಲೆ

ಮೊದಲೇ ಹೇಳಿಬಿಡ್ತೀನಿ, ನಾನು ಗಾಂಜಾ ಸೇದಿಲ್ಲ. ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತಿದೀನಿ ಅಂದ್ರೆ, ಬ್ಯಾಂಕಾಕಿಗೆ ಹೋಗಿ ಬಂದೆ ಅಂದ ತಕ್ಷಣ ಆಫೀಸಲ್ಲಿ ಎಲ್ರೂ ಒಂಥರಾ ನಗ್ತಾರೆ, ಅಮ್ಮನ ಜೊತೆ ಹೋಗಿದ್ದೆ ಅಂದ್ರೆ ಇನ್ನೂ ಜೋರಾಗಿ ನಗ್ತಾರೆ.

2023ರ ನವೆಂಬರಲ್ಲಿ ಥಾಯ್ಲೆಂಡಿನವ್ರು ಇಂಡಿಯಾದವ್ರಿಗೆ ವೀಸಾ ಬೇಡ ಅಂದ್ರಲ್ಲ, ಆಗ ಬೆಂಗಳೂರಲ್ಲಿ ಅರ್ಧ ಊರು ಟಿಕೆಟ್ ಬುಕ್ ಮಾಡ್ತು, ನಾನೂ ಮಾಡಿದೆ. ಅಮ್ಮ ಲಿಂಗಸುಗೂರಿಂದ ಬಂದ್ರು, 64 ವರ್ಷ, ಮೊದಲನೇ ಫಾರಿನ್ ಟ್ರಿಪ್ಪು. ಅವ್ರ ಸೂಟ್‌ಕೇಸಲ್ಲಿ ಸೀರೆ ನಾಲ್ಕು, ಉಳಿದಿದ್ದೆಲ್ಲಾ ಊಟ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ, ಆಮೇಲೆ ಹಳೇ ಹಾರ್ಲಿಕ್ಸ್ ಬಾಟ್ಲಿ ತುಂಬಾ ಪುಂಡಿ ಚಟ್ನಿ. ಪುಂಡಿ, ಪುಂಡಿಪಲ್ಲೆ ಅಂದ್ರೆ ನಮ್ಮ ಕಡೆಯ ಹುಳಿ ಸೊಪ್ಪು. "ಇದನ್ನೆಲ್ಲಾ ಯಾಕಮ್ಮ, ಅಲ್ಲಿ ಸ್ಟ್ರೀಟ್ ಫುಡ್ಡು ಪ್ರಪಂಚಕ್ಕೇ ಫೇಮಸ್ಸು" ಅಂದೆ. ಅಮ್ಮ ಏನೂ ಮಾತಾಡದೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ರು.

ಮೊದಲ ದಿನ ಸಂಜೆ ಸುಖುಂವಿತ್ ರಸ್ತೆಲಿ ನಡ್ಕೊಂಡು ಹೋಗ್ತಿದೀವಿ, ಅಮ್ಮ ಪದೇ ಪದೇ ನಿಂತು ನಿಂತು ಬೋರ್ಡ್ ನೋಡ್ತಾರೆ. ಹಸಿರು ಲೈಟಲ್ಲಿ ಐದು ಬೆರಳಿನ ಎಲೆ, ನಮ್ಮಲ್ಲಿ ಮೆಡಿಕಲ್ ಶಾಪ್ ಇರೋ ಹಾಗೆ ನಾಲ್ಕಂಗಡಿಗೊಂದು.

"ಏನಪಾ, ಈ ಮಂದಿಗೆ ಪುಂಡಿಪಲ್ಲೆ ಮ್ಯಾಲ ಇಷ್ಟು ಪ್ರೀತಿನಾ?"

ಆಗ ನಿಜ ಹೇಳ್ಬೇಕಿತ್ತು. 2022ರ ಜೂನ್ 9ಕ್ಕೆ ಈ ದೇಶ ಗಾಂಜಾನ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದುಹಾಕಿದೆ ಅಮ್ಮ, ಆಗಿನ ಆರೋಗ್ಯ ಮಂತ್ರಿ ಅನುತಿನ್ ಅನ್ನೋರು ಮನೆ ಮನೆಗೆ 10 ಲಕ್ಷ ಸಸಿ ಹಂಚ್ತೀವಿ ಅಂತಾನೂ ಹೇಳಿದ್ರು, ಇವೆಲ್ಲಾ ಗಾಂಜಾ ಅಂಗಡಿ ಅಂತ ಹೇಳ್ಬೇಕಿತ್ತು. ಆದ್ರೆ ಹಾಗಂದ್ರೆ ಇಂಥಾ ಊರಿಗೆ ನನ್ನ ಯಾಕೆ ಕರ್ಕೊಂಬಂದೆ ಅಂತ ಶುರುವಾಗತ್ತೆ, ಅದು ಅಲ್ಲಿಂದ ನನ್ನ ಮದುವೆ ವಿಷಯಕ್ಕೆ ಹೋಗತ್ತೆ. ಹೂಂ ಅಮ್ಮ ಪುಂಡಿನೇ ಅಂದ್ಬಿಟ್ಟೆ.

ಅಮ್ಮ ಒಳಗೆ ನುಗ್ಗಿದ್ರು.

ಒಳಗೆ ಎಸಿ, ಸಣ್ಣ ಮ್ಯೂಸಿಕ್ಕು, ಗಾಜಿನ ಶೋಕೇಸಲ್ಲಿ ಸಾಲಾಗಿ ಜಾಡಿಗಳು. ಬಂಗಾರದಂಗಡಿ ಥರಾನೇ. ಹುಡುಗ ಒಂದು ಜಾಡಿ ತೆಗೆದು ವಾಸನೆ ನೋಡಿ ಅಂತ ಮುಂದಿಟ್ಟ, ಅಮ್ಮ ಮೂಸಿ "ಒಣಗಿಸ್ಯಾರ, ಅದಕ್ಕ ಹುಳಿ ವಾಸನಿ ಹೋಗ್ಯದ" ಅಂದ್ರು. ರೇಟ್ ಕೇಳು ಅಂದ್ರು. ಗ್ರಾಮಿಗೆ 500 ಬಾತ್. ಅಂದ್ರೆ ನಮ್ಮ ದುಡ್ಡಲ್ಲಿ ಸಾವಿರದ ಮೇಲೆ. ಅಮ್ಮ ಆ ಹುಡುಗನ್ನ ಕೆಳಗಿಂದ ಮೇಲೆ ಒಂದ್ಸಲ ನೋಡಿದ್ರು. "ಕಟ್ಟಿಗೆ ಹತ್ತು ರೂಪಾಯಿ ಸೊಪ್ಪು!" ಅವನು ಪಾಪ ಕೈ ಮುಗಿದ. ಅಲ್ಲಿ ಎಲ್ಲದಕ್ಕೂ ಕೈ ಮುಗೀತಾರೆ, ಅಮ್ಮನಿಗೆ ಅದೊಂದು ಮಾತ್ರ ಬಹಳ ಇಷ್ಟ ಆಯ್ತು.

ಹೊರಗೆ ಬರುವಾಗ ಬಾಗಿಲಲ್ಲಿ ಒಂದು ಬೋರ್ಡು. 20 ವರ್ಷದ ಒಳಗಿನವರಿಗೆ, ಬಸುರಿಯರಿಗೆ, ಹಾಲುಣಿಸೋ ತಾಯಂದಿರಿಗೆ ಮಾರೋದಿಲ್ಲ ಅಂತ, ಹೊಟ್ಟೆ ಮುಂದೆ ಬಂದಿರೋ ಹೆಂಗಸಿನ ಚಿತ್ರದ ಮೇಲೆ ಕೆಂಪು ಅಡ್ಡ ಗೆರೆ. ಅಮ್ಮ ಅದನ್ನೇ ನೋಡ್ತಾ ನಿಂತ್ರು.

"ಬಸುರಿದ್ದಾಗ ಅಲ್ಲೇನೋ ಪುಂಡಿಪಲ್ಲೆ ಬೇಕನಸೋದು? ಇವ್ರೆಂಥಾ ಮಂದಿ!"

ನಾನು ಸ್ಕೈಟ್ರೇನ್ ಬರ್ತಿದೆ ಅಂತ ಎಳ್ಕೊಂಡು ಹೋದೆ, ಸ್ಕೈಟ್ರೇನ್ ಸ್ಟೇಷನ್ ಅಲ್ಲಿಂದ ಒಂದು ಕಿಲೋಮೀಟರ್ ದೂರ.

ಈಗ ಅಸಲಿ ಕಷ್ಟಕ್ಕೆ ಬರ್ತೀನಿ. ಆಗ ಆ ಊರಲ್ಲಿ ಗಾಂಜಾ ಸಿಗೋಕೆ ಎರಡು ನಿಮಿಷ ಸಾಕಿತ್ತು, ಮೀನಿಲ್ಲದ ಊಟ ಸಿಗೋಕೆ ಎರಡು ದಿನ ಬೇಕಿತ್ತು. ನಾಮ್ ಪ್ಲಾ ಅಂತ ಒಂದು ಮೀನಿನ ಸಾಸ್ ಇದೆ, ಅದನ್ನ ಅವ್ರು ಮೀನು ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಅವ್ರಿಗೆ ಅದು ಉಪ್ಪು. ಹಾಕ್ಬೇಡಿ ಅಂದ್ರೆ, ನಮ್ಮನೇಲಿ ಸಾರಿಗೆ ಉಪ್ಪು ಹಾಕ್ಬೇಡಿ ಅಂದವರನ್ನ ನಾವು ಹೇಗೆ ನೋಡ್ತೀವೋ ಹಾಗೆ ನೋಡ್ತಾರೆ. "ಮಾಯ್ ಸಾಯ್ ನಾಮ್ ಪ್ಲಾ" ಅಂತ ಫ್ಲೈಟಲ್ಲೇ ಬಾಯಿಪಾಠ ಮಾಡಿದ್ದೆ, ಆದ್ರೆ ಆ ಭಾಷೆಲಿ ರಾಗ ತಪ್ಪಿದ್ರೆ ಅರ್ಥಾನೇ ಬೇರೆ, ನಾನು ಹೇಳಿದಾಗೆಲ್ಲ ಗಾಡಿಯವ್ರು ತುಂಬಾ ಖುಷಿಯಿಂದ ನಕ್ಕು ಇನ್ನೊಂದು ಸೌಟು ಹಾಕೋರು.

ಒಂದು ಗಾಡೀಲಿ ಪಕ್ಕದವನ ತಟ್ಟೆಯಿಂದ ಘಮ್ ಅಂತ ಪರಿಚಿತ ವಾಸನೆ ಬಂತು. ಅಮ್ಮ ಬಗ್ಗಿ ನೋಡಿದ್ರು. ತುಳಸಿ. ಪಾಡ್ ಕ್ರಪಾವ್ ಅಂತ ಅವ್ರ ದಿನನಿತ್ಯದ ಊಟ, ಕೈಮಾಗೆ ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ದೊಡ್ಡ ಉರೀಲಿ ಹುರಿದು ಕೊನೆಗೆ ಒಂದು ಹಿಡಿ ತುಳಸಿ ಹಾಕೋದು, ಮೇಲೊಂದು ಕರಿದ ಮೊಟ್ಟೆ. ಅದೇ ತುಳಸಿ ಕಣ್ರೀ, ನಮ್ಮ ಕಟ್ಟೆ ತುಳಸಿ. ಅಮ್ಮ ಗಲ್ಲ ಗಲ್ಲ ಬಡ್ಕೊಂಡು "ತಾಯಿ ತಪ್ಪಾಯ್ತು" ಅಂತ ಆ ಹಂದಿ ಕೈಮಾದ ತಟ್ಟೆಗೆ ಕೈ ಮುಗಿದ್ರು. ತಟ್ಟೆಯವನು ಚಮಚ ಕೆಳಗಿಟ್ಟು ಅಮ್ಮನಿಗೆ ವಾಪಸ್ ಕೈ ಮುಗಿದ. ತುಳಸಿ ಬಾಣಲೇಲಿ, ಗಾಂಜಾ ಗಾಜಿನ ಮಂಟಪದಲ್ಲಿ, ನಾನು ಮಧ್ಯದಲ್ಲಿ ಹಸ್ಕೊಂಡು.

ಸಮಾಧಾನ ಸಿಕ್ಕಿದ್ದು ಎರಡೇ ಕಡೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 17 ಅಂತ ಬರೆದ ಹಾಗೆ ಕಾಣೋ ಅಂಗಡಿಗಳಿವೆ, ಅದು 17 ಅಲ್ಲ, "ಜೇ" ಅನ್ನೋ ಥಾಯ್ ಪದ, ಮೀನು ಮಾಂಸ ಮೊಟ್ಟೆ ಬಿಡಿ, ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ. ಬೆಳ್ಳುಳ್ಳಿ ಇಲ್ಲ ಅಂದಿದ್ದಕ್ಕೆ ಅಮ್ಮ "ಹಂಗಾದ್ರ ಅದೇನು ಊಟ" ಅಂದು ಬಾಗಿಲಿಂದಾನೇ ವಾಪಸ್. ಇನ್ನೊಂದು ಖನೋಮ್ ಕ್ರೋಕ್. ಗುಳಿ ಗುಳಿ ಹಂಚಲ್ಲಿ ಅಕ್ಕಿ ಹಿಟ್ಟು ತೆಂಗಿನ ಹಾಲು ಹುಯ್ದು ಮುಚ್ಚಿ ಬೇಯಿಸ್ತಾರೆ, ಸಿಹಿ. ಅಮ್ಮ ದೂರದಿಂದಾನೇ "ಪಡ್ಡು!" ಅಂತ ಕೂಗಿದ್ರು. ಮೂರು ಡಬ್ಬಿ ತಿಂದ್ವಿ. ಗಾಡಿಯಮ್ಮ ಚಮಚದಿಂದ ತಿರುಗಿಸೋದನ್ನ ನೋಡಿ ಅಮ್ಮ ತಪ್ಪು ತಿದ್ದೋಕೂ ಹೋದ್ರು, ನಾನೇ ತಡೆದೆ.

ಮೂರನೇ ದಿನ ಖಾವ್ ಸಾನ್ ರಸ್ತೇಲಿ ಅಮ್ಮ ಒಂದು ಟವಲ್ ಇಷ್ಟಪಟ್ರು. ಬಿಳಿ ಟವಲ್ ಮೇಲೆ ದೊಡ್ಡ ದೊಡ್ಡ ಹಸಿರು ಎಲೆ, ಯಾವ ಎಲೆ ಅಂತ ನಾನು ಹೇಳ್ಬೇಕಾಗಿಲ್ಲ. 150 ಬಾತ್ ಹೇಳಿದ್ದನ್ನ 90ಕ್ಕೆ ಇಳಿಸಿದ್ರು, ಭಾಷೆ ಬರದೇನೇ.

ಅಲ್ಲೇ ಪಕ್ಕದ ಗಾಡೀಲಿ ನಾನು ಸೋಮ್ ತಾಮ್ ಹೇಳಿದೆ, ಹಸಿ ಪರಂಗಿಕಾಯಿ ತುರಿದು ಒರಳಲ್ಲಿ ಕುಟ್ಟಿ ಕೊಡೋದು. ಒಣ ಸೀಗಡಿ ಬೇಡ ಅಂದೆ, ನಾಮ್ ಪ್ಲಾ ಬೇಡ ಅಂದೆ, ಎಷ್ಟು ಖಾರ ಅಂತ ಬೆರಳು ತೋರಿಸಿ ಕೇಳಿದ್ಲು. ಅಲ್ಲಿ ಒಂದು ಅನ್ಬೇಕಿತ್ತು. ನಾವು ರಾಯಚೂರು ಕಡೆಯವ್ರು, ನಮ್ಗೆ ಖಾರ ಹೇಳ್ಕೊಡ್ತೀಯಾ ಅನ್ನೋ ಜಂಭದಲ್ಲಿ ಐದೂ ಬೆರಳು ತೋರಿಸಿದೆ. ಆ ಮೆಣಸಿನಕಾಯಿ ಹೆಸ್ರು ಪ್ರಿಕ್ ಕಿ ನೂ, ಅಂದ್ರೆ ಇಲಿ ಹಿಕ್ಕೆ ಮೆಣಸಿನಕಾಯಿ, ನೋಡೋಕೆ ಅಷ್ಟೇ ಇರತ್ತೆ. ಎರಡನೇ ತುತ್ತಿಗೆ ಕಿವಿ ಮುಚ್ಚಿತು. ಕಣ್ಣು ಕೆಂಪಗೆ, ಮೂಗು ಸುರೀತಾ, ಅಳು ಬರ್ತಿದೆ ಆದ್ರೆ ನಗ್ತಿದೀನಿ. ಎದುರಿಗೆ ಕೂತಿದ್ದ ಜಡೆ ಹಾಕ್ಕೊಂಡಿದ್ದ ಬಿಳಿ ಅಜ್ಜ ಹೆಬ್ಬೆಟ್ಟು ಎತ್ತಿ ತೋರಿಸಿ ಫಸ್ಟ್ ಟೈಮಾ ಅಂತ ಬಹಳ ಕರುಣೆಯಿಂದ ಕೇಳಿದ. ಕೈಗೆ ಸಿಕ್ಕಿದ ತಣ್ಣನೆ ಬಾಟ್ಲಿ ಎತ್ತಿ ಗಟಗಟ ಕುಡ್ದೆ, ಖಾಲಿಯಾದ ಮೇಲೆ ಲೇಬಲ್ ನೋಡ್ತೀನಿ, ಅದೇ ಎಲೆ.

ಹೋಟೆಲ್ ರೂಮಿಗೆ ಓಡ್ಬಂದು ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತೆ, ಏರತ್ತೆ ಈಗ ಏರತ್ತೆ ಅಂತ ಕಾಯ್ತಾ. ಎಸಿ ಏನೋ ಹೇಳ್ತಿರೋ ಹಾಗನ್ನಿಸ್ತು. ಎದೆ ಡಬಡಬ. ಅಮ್ಮ "ಏನಾಗ್ಯದೋ" ಅಂದ್ರು, ಸಾಯೋ ಮುಂಚೆ ನಿಜ ಹೇಳಿಬಿಡೋಣ ಅಂತ ಎಲ್ಲಾ ಹೇಳಿದೆ. ಅಮ್ಮ ಅದು ಪುಂಡಿ ಅಲ್ಲ, ಅದೆಲ್ಲಾ ಗಾಂಜಾ, ಭಂಗಿ, ನಾನು ಈಗ ಭಂಗಿ ಕುಡಿದುಬಿಟ್ಟಿದೀನಿ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. "ಭಂಗಿನಾ? ಅಷ್ಟಕ್ಕ ಹಿಂಗ ಕುಂತಿಯಾ? ನಮ್ಮೂರ ಮಠದ ಕಟ್ಟಿ ಮ್ಯಾಲ ಸಾಧುಗಳು ಮುಂಜಾನೆ ಸೇದಿ ಸಂಜೀಮಟ ತತ್ವಪದ ಹಾಡ್ತಿದ್ರು." ಆಮೇಲೆ ಇದ್ದಕ್ಕಿದ್ದಂಗೆ ಎದ್ದು ಕೂತು, "ಅಂದ್ರ ಆ ಹುಡುಗ ಸಾವಿರ ರೂಪಾಯಿ ಅಂದಿದ್ದು ಭಂಗಿಗಾ!" ಅವ್ರಿಗೆ ನೋವಾಗಿದ್ದು ಅದೊಂದೇ.

ನಂಗೆ ಏನೂ ಆಗ್ಲಿಲ್ಲ. ಆಮೇಲೆ ಓದಿದಾಗ ಗೊತ್ತಾಯ್ತು, ಅಂಥಾ ಬಾಟ್ಲಿಗಳಲ್ಲಿ ನಶೆ ಏರಿಸೋ ಅಂಶ ತೀರಾ ಕಡಿಮೆ, ಸುಮ್ನೆ ಎಲೆ ಚಿತ್ರಕ್ಕೆ ದುಡ್ಡು. ಥಾಯ್ಲೆಂಡಿನ ಪ್ರಾಚಿನ್‌ಬುರಿ ಅನ್ನೋ ಕಡೆ ಒಂದು ಸರ್ಕಾರಿ ಆಸ್ಪತ್ರೆ 2021ರಲ್ಲೇ ಗಾಂಜಾ ಎಲೆ ಹಾಕಿ ನಗೋ ಬ್ರೆಡ್ಡು, ಕುಣಿಯೋ ಸಲಾಡು ಅಂತ ಮೆನು ಮಾಡಿತ್ತಂತೆ. ಅಮ್ಮನ ಮಾತು ಸುಳ್ಳು ಅಂತ ತೋರ್ಸೋಣ ಅಂತ ಪುಂಡಿ ಬಗ್ಗೆನೂ ಹುಡುಕಿದೆ. ಪುಂಡಿಯ ಶಾಸ್ತ್ರೀಯ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಅಂದ್ರೆ ಗಾಂಜಾ ಥರ ಇರೋ ದಾಸವಾಳ. ಹೆಸರಿಟ್ಟಿದ್ದು ಲಿನೇಯಸ್, ಸ್ವೀಡನ್ನಿನ ಸಸ್ಯವಿಜ್ಞಾನಿ. ಅವ್ರಿಗೂ ಲಿಂಗಸುಗೂರಿನ ನಮ್ಮಮ್ಮನಿಗೂ ಎಲೆ ಒಂದೇ ಥರ ಕಂಡಿದೆ, ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಉಳಿದ ಎರಡು ದಿನ ಅಂಗಡಿಯಿಂದ ಬಿಳಿ ಅನ್ನದ ಪ್ಯಾಕೆಟ್ ತಂದು ರೂಮಲ್ಲೇ ಪುಂಡಿ ಚಟ್ನಿ ಕಲಸ್ಕೊಂಡು ತಿಂದ್ವಿ. ಪ್ರಪಂಚಕ್ಕೇ ಫೇಮಸ್ ಸ್ಟ್ರೀಟ್ ಫುಡ್ಡು ಕಿಟಕಿಯಿಂದ ಚೆನ್ನಾಗಿ ಕಾಣ್ತಿತ್ತು.

(2025ರ ಜೂನಿಂದ ಅಲ್ಲಿ ಗಾಂಜಾ ಹೂವಿಗೆ ಡಾಕ್ಟರ್ ಚೀಟಿ ಬೇಕಂತ ಮಾಡಿದಾರೆ. ಅಮ್ಮನಿಗೆ ಹೇಳಿದೆ, "ಇನ್ನ ರೇಟ್ ಇಳೀತದ" ಅಂದ್ರು.)

ಬೆಂಗಳೂರಲ್ಲಿ ಇಳಿದ್ವಿ. ಬ್ಯಾಂಕಾಕ್ ಫ್ಲೈಟಲ್ಲಿ ಹೈಡ್ರೋಪೋನಿಕ್, ಅಂದ್ರೆ ಮಣ್ಣಿಲ್ಲದೆ ನೀರಲ್ಲೇ ಬೆಳೆಸಿದ ಗಾಂಜಾ ತಂದು ಸಿಕ್ಕಿಬೀಳೋರ ಸುದ್ದಿ ನೀವೂ ಓದಿರ್ತೀರಿ, ಅದಕ್ಕೇ ಆ ಫ್ಲೈಟವರನ್ನ ಸ್ವಲ್ಪ ಗಮನ ಇಟ್ಟು ನೋಡ್ತಾರೆ, ನನ್ನ ಮುಖವಂತೂ ತಪ್ಪು ಮಾಡದಿದ್ರೂ ತಪ್ಪು ಮಾಡಿದವನ ಥರಾನೇ ಇರೋದು. ಸೈಡಿಗೆ ಬನ್ನಿ ಸರ್ ಅಂದ್ರು. ಸ್ಕ್ಯಾನರಲ್ಲಿ ಏನೋ ಉರುಟಾಗಿ ಕಂಡಿದೆ. ಅಮ್ಮನ ಸೂಟ್‌ಕೇಸ್ ತೆಗೆಸಿದ್ರು, ಸೀರೆ ಎತ್ತಿದ್ರು, ಕೆಳಗೆ ಟವಲ್. ಐದು ಬೆರಳಿನ ಎಲೆ ಮುಖ ಮೇಲೆ ಮಾಡ್ಕೊಂಡು ಮಲಗಿತ್ತು. ಟವಲಲ್ಲಿ ಏನೋ ಸುತ್ತಿದೆ. ಬಿಚ್ಚಿದ್ರೆ, ಎಣ್ಣೆ ಸೋರ್ಬಾರ್ದು ಅಂತ ಅಮ್ಮ ಭದ್ರವಾಗಿ ಸುತ್ತಿದ್ದ ಹಾರ್ಲಿಕ್ಸ್ ಬಾಟ್ಲಿ, ತಳದಲ್ಲಿ ಕಡು ಹಸಿರು ಬಣ್ಣದ ಅಂಟು ಪದಾರ್ಥ.

ಇದೇನಮ್ಮ ಅಂದ್ರು ಆಫೀಸರ್ರು.

"ಪುಂಡಿ" ಅಂದ್ರು ಅಮ್ಮ. ಅದನ್ನ ಆಫೀಸರ್ ಪುಡಿ ಅಂತ ಕೇಳಿಸ್ಕೊಂಡ್ರು. ಇನ್ನೊಬ್ರನ್ನ ಕರೆದ್ರು. ಹಿಂದಿನ ಲೈನು ಪೂರ್ತಿ ಕತ್ತು ಉದ್ದ ಮಾಡ್ತು, ನಾನು ಮನಸಲ್ಲೇ ವಕೀಲರ ಫೀಸು ಲೆಕ್ಕ ಹಾಕೋಕೆ ಶುರು ಮಾಡಿದ್ದೆ. ಬಂದವರು ರಬ್ಬರ್ ಬ್ಯಾಂಡ್ ಬಿಚ್ಚಿ, ಕವರ್ ಬಿಚ್ಚಿ, ಮುಚ್ಚಳ ತಿರುವಿ, ಮೂಗಿನ ಹತ್ರ ಹಿಡಿದ್ರು. ಕಣ್ಣು ಮುಚ್ಚಿದ್ರು. ಇನ್ನೊಂದ್ಸಲ ಮೂಸಿದ್ರು.

"ಬೆಳ್ಳುಳ್ಳಿ ಜಾಸ್ತಿ ಆಯ್ತಲ್ಲಮ್ಮ" ಅಂದ್ರು.

ಹೋಗಿ ಅಂತ ಬಿಟ್ಟುಬಿಟ್ರು, ಟವಲ್ ಮಾತ್ರ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ರು. ಟ್ಯಾಕ್ಸಿ ಹೆಬ್ಬಾಳ ದಾಟೋವರೆಗೂ ಅಮ್ಮ ಮಾತಾಡ್ಲಿಲ್ಲ. ಆಮೇಲೆ ಕಿಟಕಿ ಕಡೆ ನೋಡ್ತಾ ಅಂದ್ರು, "ಅವನಿಗೇನ್ ಗೊತ್ತಪಾ ಪುಂಡಿಪಲ್ಲೆ."