ಸ್ಟೆಪ್ನಿಯ ಪರವಾಗಿ ನಾಲ್ಕು ಮಾತು

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಶುರುವಾದ ಜಗಳ ಇದು. ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ ಫೇಸ್‌ಬುಕ್ ನೋಡುವುದಿಲ್ಲ, ಭಾವ ನೋಡುತ್ತಾರೆ. ನೋಡಲಿ.

ಅಕ್ಕನ ಮಗನಿಗೆ ಈಗ 21. ಬೆಂಗಳೂರಿನಲ್ಲಿ ಓದು, ಜೊತೆಗೆ ಫುಟ್‌ಬಾಲ್. ಸೂಪರ್ ಡಿವಿಷನ್ ಆಡುವ ಒಂದು ಕ್ಲಬ್‌ನಲ್ಲಿ ಎರಡನೇ ಗೋಲ್‌ಕೀಪರ್. ಎರಡು ವರ್ಷದಲ್ಲಿ ಅವನು ಮೈದಾನಕ್ಕೆ ಇಳಿದದ್ದು ಒಂದೇ ಸಲ, ಅದೂ ಕೊನೆಯ 20 ನಿಮಿಷ. ಈಗ ಒಂದು ಮೆಟ್ಟಿಲು ಕೆಳಗಿನ ಎ ಡಿವಿಷನ್ ತಂಡವೊಂದು ಕರೆದಿದೆ. ಅಲ್ಲಿಗೆ ಹೋದರೆ ಪ್ರತಿ ಮ್ಯಾಚ್ ಆಡಬಹುದು. ಹೋಗುತ್ತೇನೆ ಅನ್ನುತ್ತಾನೆ.

"ಕೆಳಗೆ ಇಳಿಯೋಕೆ ಯಾರಾದ್ರೂ ಟ್ರಾನ್ಸ್‌ಫರ್ ಕೇಳ್ತಾರೇನೋ?" ಅಂದರು ಭಾವ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅವರು ಸರ್ಕಾರಿ ಶಾಲೆಯ ಮೇಷ್ಟ್ರು. ಮೂಡಿಗೆರೆ ಆಚೆಯ ಒಂದು ಊರಿನಿಂದ ಚಿಕ್ಕಮಗಳೂರು ಪೇಟೆಗೆ ಬರಲು 9 ವರ್ಷ ಕಾದವರು. ಅವರ ಲೆಕ್ಕದಲ್ಲಿ ವರ್ಗಾವಣೆ ಅಂದರೆ ಹಳ್ಳಿಯಿಂದ ಪೇಟೆಗೆ. ಪೇಟೆಯಿಂದ ಹಳ್ಳಿಗೆ ಹೋಗುವುದಕ್ಕೆ ಬೇರೆ ಹೆಸರಿದೆ, ಶಿಕ್ಷೆ. ಅಕ್ಕನದು ಇನ್ನೊಂದು ಮಾತು. "ದೊಡ್ಡ ಟೀಮಿನ ಜರ್ಸಿ ಹಾಕ್ತಾನಲ್ಲ, ಸಾಲ್ದಾ?"

ಸಾಲದು ಅಕ್ಕ. ಯಾಕೆ ಅಂತ ನನಗೆ ಗೊತ್ತು. ನಾನೂ ಅದೇ ಬೆಂಚಿನಲ್ಲಿ ಕೂತವನು.

ನಮ್ಮ ಹುಡುಗರು ಎರಡನೇ ಕೀಪರ್‌ಗೆ ಇಟ್ಟಿದ್ದ ಹೆಸರು ಸ್ಟೆಪ್ನಿ. ನಾಲ್ಕು ವರ್ಷ ಚಿಕ್ಕಮಗಳೂರಿನ ಬೋಸ್ ಮೈದಾನದಲ್ಲಿ ನನ್ನನ್ನು ಹಾಗೇ ಕರೆದರು. ಬೇಜಾರೇನೂ ಇರಲಿಲ್ಲ, ಹೆಸರು ಸರಿಯಾಗಿಯೇ ಇತ್ತು. ಚಾರ್ಮಾಡಿ ಘಾಟಿಯಲ್ಲಿ ಪಂಕ್ಚರ್ ಆದಾಗ ಮಾತ್ರ ನೆನಪಾಗುವ ಸಾಮಾನು. ಆದರೆ ಓಡದ ಟೈರು ಹೊಸದಾಗಿಯೇ ಉಳಿಯುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಎಸ್ಟೇಟ್ ಜೀಪಿನ ಹಿಂದೆ ನೇತು ಬಿದ್ದ ಸ್ಟೆಪ್ನಿಯನ್ನು ಒಮ್ಮೆ ಮುಟ್ಟಿ ನೋಡಿ. ಬಿಸಿಲು ಮಳೆ ತಿಂದು ರಬ್ಬರ್ ಗಟ್ಟಿಯಾಗಿರುತ್ತದೆ. ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಗಾಳಿ ಯಾವಾಗಲೋ ಇಳಿದಿರುತ್ತದೆ.

ನನ್ನ ಬಿರುಕು ಕಂಡದ್ದು ಒಂದು ಜೂನ್ ತಿಂಗಳಲ್ಲಿ. ಮೊದಲ ಕೀಪರ್ ಬೆರಳು ಮುರಿದುಕೊಂಡಿದ್ದ. ನನ್ನನ್ನು ಇಳಿಸಿದರು. ಜಿಟಿಜಿಟಿ ಮಳೆ, ಗೋಲ್ ಪೋಸ್ಟ್ ಮುಂದೆ ಗದ್ದೆಯಂತೆ ಕೆಸರು. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮೈದಾನದ ಮೂಲೆಯಿಂದ ಗೋಲಿನ ಮುಂದಕ್ಕೆ ಒದೆಯುತ್ತಾರಲ್ಲ, ಅಂಥ ಒಂದು ಕಾರ್ನರ್ ಬಂತು. ಪ್ರಾಕ್ಟೀಸಿನಲ್ಲಿ ಅಂಥ ನೂರಾರು ಬಾಲ್ ಹಿಡಿದಿದ್ದೆ. ಆದರೆ ಪ್ರಾಕ್ಟೀಸಿನಲ್ಲಿ ಯಾರೂ ಮೊಣಕೈ ಹಾಕುವುದಿಲ್ಲ, ಕಾಲು ತುಳಿಯುವುದಿಲ್ಲ, ಕಣ್ಣಿಗೆ ಅಡ್ಡ ನಿಲ್ಲುವುದಿಲ್ಲ. ಎರಡು ಹೆಜ್ಜೆ ಮುಂದೆ ಬಂದೆ. ಅಲ್ಲಿ ಒಂದು ಅನುಮಾನ. ಅರ್ಧ ಸೆಕೆಂಡು ಇರಬಹುದು. ಕೀಪರ್ ಮುಂದೆ ಬಂದರೆ "ನಂದು" ಅಂತ ಕೂಗಲೇಬೇಕು, ಆಗ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತಾನೆ. ನನ್ನ ಬಾಯಿಂದ ಸ್ವರವೇ ಬರಲಿಲ್ಲ. ಡಿಫೆಂಡರ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಬಾಲ್ ಇಬ್ಬರ ಮಧ್ಯೆ ಹೋಗಿ ಯಾರದೋ ಮಂಡಿಗೆ ತಗುಲಿ ಒಳಗೆ ಹೋಯಿತು.

ನನಗೆ ಬಾಲ್ ಹಿಡಿಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಭ್ಯಾಸ ತಪ್ಪಿದ್ದು ಕೈಗಲ್ಲ. ಜನರ ನಡುವೆ ಆ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡುವುದು ಮ್ಯಾಚ್ ಆಡಿದರೆ ಮಾತ್ರ ಬರುತ್ತದೆ, ಆಡದಿದ್ದರೆ ಹೋಗುತ್ತದೆ.

ಬೇರೆ ಆಟಗಾರರ ಕಥೆ ಹೀಗಲ್ಲ. ಈಗ ದೊಡ್ಡ ಲೀಗ್‌ಗಳಲ್ಲಿ ಒಂದು ಮ್ಯಾಚಿಗೆ ಐದು ಬದಲಾವಣೆ ಮಾಡಬಹುದು. ಎರಡನೇ ಸ್ಟ್ರೈಕರ್ 70ನೇ ನಿಮಿಷಕ್ಕೆ ಬಂದು ಏನಾದರೂ ಮಾಡಿ ತೋರಿಸಬಹುದು. ಇಲ್ಲದಿದ್ದರೆ ಮೈದಾನದ ಅಂಚಿನ ಕಡೆಗೆ ಸರಿದು ಆಡಬಹುದು. ಕೀಪರ್‌ಗೆ ಜಾಗ ಒಂದೇ. ಅದರಲ್ಲಿ ಒಬ್ಬ ನಿಂತಿದ್ದಾನೆ. ಅವನಿಗೆ ಪೆಟ್ಟು ಬೀಳಬೇಕು ಅಥವಾ ರೆಡ್ ಕಾರ್ಡ್ ಸಿಗಬೇಕು. ಪಕ್ಕದಲ್ಲಿ ಕೂತವನು ಇದನ್ನು ಮನಸ್ಸಿನಲ್ಲಿ ಬಯಸಲೂಬಾರದು, ಬಯಸದೆ ಇರುವುದೂ ಕಷ್ಟ. ಇನ್ನೊಂದು ತಮಾಷೆ ಗೊತ್ತಾ? ಮ್ಯಾಚಿಗೆ ಮುಂಚೆ ಮೊದಲ ಕೀಪರ್‌ನ ಕೈ ಬಿಸಿ ಮಾಡಿಸಲು ಬಾಲ್ ಹೊಡೆದುಕೊಡುವವನೂ ಇವನೇ. ತನ್ನ ದಾರಿಗೆ ಅಡ್ಡ ನಿಂತ ಗೋಡೆಗೆ ತಾನೇ ಸುಣ್ಣ ಬಳಿಯುವ ಕೆಲಸ.

"ಕೀಪರ್‌ಗಳಿಗೆ ಆಯಸ್ಸು ಜಾಸ್ತಿ, ಕಾಯಲಿ ಬಿಡಿ" ಅನ್ನುವವರಿದ್ದಾರೆ. ನಿಜ, ಇಟಲಿಯ ಡೀನೋ ಝಾಫ್ 1982ರಲ್ಲಿ ವಿಶ್ವಕಪ್ ಎತ್ತಿದಾಗ ಅವರಿಗೆ 40 ವರ್ಷ. ಬುಫಾನ್ 45ರ ತನಕ ಆಡಿದರು. ಆದರೆ ಆ ಆಯಸ್ಸು ಮುಂದೆ ನಿಂತವನಿಗೂ ಇದೆಯಲ್ಲ! ಇವನು ಕಾಯುತ್ತಾ ಕೂತರೆ ಅವನೇನು ಬೇಗ ಮುದುಕನಾಗುತ್ತಾನಾ?

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಲ್ಲಿದ್ದ ಕೀಪರ್ ಕ್ವೀವಿನ್ ಕೆಲ್ಲೆಹರ್ ಕಥೆ ನೋಡಿ. (ಆ ಹೆಸರನ್ನು ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ. ಕಾಮೆಂಟರಿಯಲ್ಲಿ ಕಿವಿಗೆ ಬಿದ್ದಂತೆ ಬರೆದಿದ್ದೇನೆ.) ಐರ್ಲೆಂಡಿನ ಕಾರ್ಕ್ ಊರಿನ ಹುಡುಗ. 2015ರಲ್ಲಿ ಲಿವರ್‌ಪೂಲ್ ಸೇರಿದ. 2018ರಲ್ಲಿ ಕ್ಲಬ್ ದೊಡ್ಡ ಮೊತ್ತ ಕೊಟ್ಟು ಬ್ರೆಜಿಲ್‌ನ ಕೀಪರ್ ಅಲಿಸನ್‌ನನ್ನು ತಂದಿತು. ಅಲಿಸನ್ ಇವನಿಗಿಂತ ಆರು ವರ್ಷ ದೊಡ್ಡವನು, ಅಷ್ಟೇ. ಇವನ ಸರದಿ ಯಾವಾಗ ಬರಬೇಕಿತ್ತು, ನೀವೇ ಲೆಕ್ಕ ಹಾಕಿ.

2022ರ ಫೆಬ್ರವರಿ ಕೊನೆಯಲ್ಲಿ ಚೆಲ್ಸಿ ವಿರುದ್ಧ ನಡೆದ ಇಂಗ್ಲೆಂಡಿನ ಲೀಗ್ ಕಪ್ ಫೈನಲ್ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕಡೆ ಎಲ್ಲರೂ ಕಾಫಿ ಹೂ ಬಿಡಿಸುವ ಹೂಮಳೆಗಾಗಿ ಆಕಾಶ ನೋಡುವ ಹೊತ್ತು. ನಾನು ಟಿವಿ ನೋಡುತ್ತಿದ್ದೆ. ಅಲಿಸನ್ ಗಟ್ಟಿಮುಟ್ಟಾಗಿದ್ದರೂ ಕೋಚ್ ಕ್ಲಾಪ್ ಫೈನಲ್‌ಗೆ ಕೆಲ್ಲೆಹರ್‌ನನ್ನೇ ಇಳಿಸಿದರು. ಕಪ್ ಮ್ಯಾಚುಗಳನ್ನು ಆಡಿ ಇಲ್ಲಿ ತನಕ ತಂದವನು ಇವನು, ಫೈನಲ್ ಕೂಡ ಇವನದೇ ಅನ್ನುವ ಲೆಕ್ಕ. 120 ನಿಮಿಷ ಗೋಲಿಲ್ಲ. ಪೆನಾಲ್ಟಿ ಶೂಟೌಟ್‌ಗೆಂದೇ ಚೆಲ್ಸಿ ತನ್ನ ಕೀಪರ್ ಮೆಂಡಿಯನ್ನು ಹೊರಗೆ ಕರೆದು ಕೆಪಾನನ್ನು ಇಳಿಸಿತು. ಒಬ್ಬರಾದ ಮೇಲೆ ಒಬ್ಬರು ಹೊಡೆದರು, ಎಲ್ಲವೂ ಗೋಲು. ಕೊನೆಗೆ ಕೀಪರ್‌ಗಳೇ ಒದೆಯುವ ಸರದಿ ಬಂತು. ಕೆಲ್ಲೆಹರ್ ಬಂದು ಸ್ಟ್ರೈಕರ್ ಥರ ಮೇಲಕ್ಕೆ ಬಾರಿಸಿದ. ಕೆಪಾ ಹೊಡೆದದ್ದು ಪೋಸ್ಟ್ ಮೇಲೆ ಹಾರಿ ಹೋಯಿತು. 11-10. ಶೂಟೌಟ್‌ಗೆಂದೇ ಕರೆಸಿಕೊಂಡವನು ಒಂದನ್ನೂ ತಡೆಯಲಿಲ್ಲ! ಮನೆಯವರೆಲ್ಲ ಮಲಗಿದ್ದರು, ಬಾಯಿಗೆ ಟವೆಲ್ ಹಿಡಿದು ಕಿರುಚಿದೆ.

ಅಷ್ಟಾದ ಮೇಲೆ? ಮತ್ತೆ ಬೆಂಚು. 2024ರ ನವೆಂಬರ್‌ನಲ್ಲಿ ಅಲಿಸನ್‌ಗೆ ಪೆಟ್ಟಾಗಿದ್ದಾಗ ರಿಯಲ್ ಮ್ಯಾಡ್ರಿಡ್ ವಿರುದ್ಧ ಎಂಬಾಪೆಯ ಪೆನಾಲ್ಟಿ ತಡೆದ. ಆಮೇಲೂ ಬೆಂಚು. ಅಷ್ಟರಲ್ಲಿ ಕ್ಲಬ್ ಜಾರ್ಜಿಯಾದ ಕೀಪರ್ ಮಮರ್‌ದಾಶ್ವಿಲಿಯನ್ನು ಮುಂದಿನ ಸೀಸನ್‌ಗೆ ಅಂತ ಕೊಂಡುಕೊಂಡಿತ್ತು. ಅಂದರೆ ಅಲಿಸನ್ ಹೋದರೂ ಜಾಗ ಇವನದ್ದಲ್ಲ. 2025ರ ಜೂನ್‌ನಲ್ಲಿ ಬ್ರೆಂಟ್‌ಫರ್ಡ್‌ಗೆ ಹೋದ. ಹತ್ತು ವರ್ಷಕ್ಕೆ 67 ಮ್ಯಾಚ್. ಆಗ ವಯಸ್ಸು 26. ಇವನನ್ನು ನಿಯತ್ತಿಲ್ಲದವನು ಅಂತ ಯಾರಾದರೂ ಅಂದರೆ ಅವರ ಜೊತೆ ನಾನು ಕಾಫಿಯನ್ನೂ ಕುಡಿಯುವುದಿಲ್ಲ.

ಇನ್ನೂ ತಡವಾಗಿ ಹೊರಟವರು ಎಮಿಲಿಯಾನೊ ಮಾರ್ಟಿನೆಜ್. ಅರ್ಜೆಂಟೀನಾದಿಂದ ಹುಡುಗನಾಗಿದ್ದಾಗಲೇ ಆರ್ಸೆನಲ್‌ಗೆ ಬಂದವರು. ಆರು ಬೇರೆ ಬೇರೆ ಕ್ಲಬ್‌ಗಳಿಗೆ ಕೈಸಾಲ ಕೊಟ್ಟ ಹಾಗೆ ಕೊಟ್ಟು ವಾಪಸ್ ತೆಗೆದುಕೊಂಡರು. 2020ರಲ್ಲಿ ಮೊದಲ ಕೀಪರ್ ಲೆನೋ ಮಂಡಿಗೆ ಪೆಟ್ಟಾಯಿತು, ಇವರು ಆಡಿದರು, ಎಫ್‌ಎ ಕಪ್ ಗೆದ್ದರು. ಆದರೂ ಮುಂದಿನ ಸೀಸನ್‌ನಲ್ಲಿ ಜಾಗ ಖಾತ್ರಿ ಅನ್ನುವ ಮಾತು ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಸ್ಟನ್ ವಿಲ್ಲಾಗೆ ಹೊರಟುಬಿಟ್ಟರು. ಎರಡು ವರ್ಷದ ನಂತರ ಕತಾರ್ ವಿಶ್ವಕಪ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನ ಕೊಲೊ ಮುವಾನಿಯ ಹೊಡೆತಕ್ಕೆ ಎಡಗಾಲು ಚಾಚಿ ಗೋಲು ತಪ್ಪಿಸಿದರಲ್ಲ, ಅದನ್ನು ಮೆಸ್ಸಿ ಅಭಿಮಾನಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಹೋದವರೆಲ್ಲ ಗೆದ್ದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಆರನ್ ರಾಮ್ಸ್‌ಡೇಲ್ ಆರ್ಸೆನಲ್‌ನಲ್ಲಿ ಡೇವಿಡ್ ರಾಯಾಗೆ ಜಾಗ ಬಿಟ್ಟುಕೊಟ್ಟು, 2024ರಲ್ಲಿ ಸೌತಾಂಪ್ಟನ್‌ಗೆ ಹೋದರು. ಆಡಲು ಸಿಕ್ಕಿತು, ಸರಿ. ಆದರೆ ಆ ತಂಡ ಏಳು ಮ್ಯಾಚ್ ಬಾಕಿ ಇರುವಾಗಲೇ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು. ಪಾಪ, ವಾರವಾರವೂ ಬಲೆಯಿಂದ ಬಾಲ್ ತೆಗೆಯುವುದೇ ಕೆಲಸವಾಗಿತ್ತು. ಭಾವ ಈ ಉದಾಹರಣೆ ಹಿಡಿದು ವಾದ ಮಾಡಬಹುದು ಅಂತ ನಾನೇ ಮೊದಲು ಹೇಳಿಬಿಟ್ಟೆ.

ಕೂತೇ ಖುಷಿಯಾಗಿರುವವರೂ ಇದ್ದಾರೆ. ಮ್ಯಾಂಚೆಸ್ಟರ್ ಸಿಟಿಯಲ್ಲಿ ಸ್ಕಾಟ್ ಕಾರ್ಸನ್ 2019ರಿಂದ 2025ರ ತನಕ ಇದ್ದರು, ಆಡಿದ್ದು ಎರಡು ಮ್ಯಾಚ್. ಅವರ ಬಗ್ಗೆ ನನಗೆ ಬೇಸರವಿಲ್ಲ. ಅವರು ಅದಕ್ಕೂ ಮೊದಲು ಬೇರೆ ಕಡೆ ಬೇಕಾದಷ್ಟು ಆಡಿ, ದಣಿದು ಬಂದು ನೆರಳಲ್ಲಿ ಕೂತವರು. ನಮ್ಮ ಹುಡುಗನಿಗೆ ಇನ್ನೂ ಬಿಸಿಲೇ ತಾಗಿಲ್ಲ.

ಭಾವನಿಗೆ ಫುಟ್‌ಬಾಲ್ ಬೇಡ ಅಂದರೆ ಕ್ರಿಕೆಟ್ಟಿಗೇ ಬರೋಣ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ 303 ಹೊಡೆದಾಗ ಮನೆಮನೆಗೆ ಸಿಹಿ ಹಂಚಿದ್ದು ಇದೇ ಭಾವ. ಅದೇ ಕರುಣ್‌ಗೆ ಆಮೇಲೆ ಕರ್ನಾಟಕ ತಂಡದಲ್ಲೇ ಜಾಗ ಹೋಯಿತು. 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಹೊಡೆದರು, ವಿದರ್ಭ ಕಪ್ ಗೆದ್ದಿತು, ಎಂಟು ವರ್ಷದ ಮೇಲೆ ಟೆಸ್ಟ್ ತಂಡಕ್ಕೆ ವಾಪಸ್ ಬಂದರು. ಆಗ ಭಾವ "ಒಳ್ಳೇ ಕೆಲಸ ಮಾಡ್ದ" ಅಂದಿದ್ದರು. ಸ್ವಂತ ಮಗನ ವಿಷಯಕ್ಕೆ ಬಂದಾಗ ಮಾತ್ರ ಬೇರೆ ನ್ಯಾಯ.

ನಾನು ಯಾಕೆ ಹೋಗಲಿಲ್ಲ ಅಂತ ಭಾನುವಾರ ಅಕ್ಕ ಕೇಳಿದಳು. ಹೋಗಬಹುದಿತ್ತು. ಮೂಡಿಗೆರೆಯ ಒಂದು ತಂಡ ಎರಡು ಸಲ ಹೇಳಿ ಕಳಿಸಿತ್ತು. ನಮ್ಮ ಕ್ಯಾಪ್ಟನ್ ಭುಜದ ಮೇಲೆ ಕೈ ಹಾಕಿ "ನಿನ್ ಸರದಿ ಬರುತ್ತೆ ಕಣೋ" ಅಂದ. ನಂಬಿದೆ. ಮೊದಲ ಕೀಪರ್ ಕೆಲಸ ಸಿಕ್ಕಿ ಊರು ಬಿಟ್ಟ ವರ್ಷ ಅವರು ಭದ್ರಾವತಿ ಕಡೆಯಿಂದ ಒಬ್ಬನನ್ನು ಕರೆತಂದರು. ನನಗೆ ಹೇಳಲೂ ಇಲ್ಲ. ಪ್ರಾಕ್ಟೀಸಿಗೆ ಹೋದಾಗ ಗೋಲಿನಲ್ಲಿ ಯಾರೋ ನಿಂತಿದ್ದ, ಕ್ಯಾಪ್ಟನ್ ನನಗೆ ಬಾಲ್ ಕೊಟ್ಟು "ಅವನಿಗೆ ನಾಲ್ಕು ಹೊಡಿ" ಅಂದ. ಹೊಡೆದೆ. ಮಾರನೇ ದಿನದಿಂದ ಹೋಗಲಿಲ್ಲ.

ಕ್ಯಾಪ್ಟನ್‌ನನ್ನು ಬೈಯುವ ಆಸೆ ಈಗ ಇಲ್ಲ. ನನ್ನ ಕಾರ್ನರ್ ಅವನಿಗೂ ನೆನಪಿತ್ತು, ತಂಡ ಗೆಲ್ಲಬೇಕಿತ್ತು. ಆದರೆ ಆ ಕಾರ್ನರ್ ಬಿಟ್ಟದ್ದು ಬೆಂಚಿನಲ್ಲಿ ನಾಲ್ಕು ವರ್ಷ ಕೂತದ್ದಕ್ಕೆ ಅನ್ನುವುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ತುಂಬಾ ತಡವಾಗಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಹೋಗು, ಆದರೆ ಮೊದಲು ಆ ತಂಡದ ಡಿಫೆನ್ಸ್ ನೋಡು. ನಿಮ್ಮ ಕೋಚ್‌ಗೆ ನೀನೇ ಮುಖ ಕೊಟ್ಟು ಹೇಳು, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಆಮೇಲೆ ಅಲ್ಲಿ ಎಷ್ಟು ಜನ ಕೀಪರ್ ಇದ್ದಾರೆ ಅಂತ ಸರಿಯಾಗಿ ಕೇಳಿಕೋ.

ನಿನ್ನೆ ರಾತ್ರಿ ಫೋನ್ ಮಾಡಿದ್ದ. ಕೋಚ್ ಒಪ್ಪಿದರಂತೆ, ಬಿಡುಗಡೆ ಪತ್ರ ಈ ವಾರ ಸಿಗುತ್ತದಂತೆ.

"ಅಲ್ಲಿ ಕೀಪರ್ ಎಷ್ಟು ಜನ ಇದಾರೋ?" ಅಂದೆ.

"ಇಬ್ರು ಮಾವ, ನಾನೂ ಸೇರಿ."

"ಇನ್ನೊಬ್ಬನ ವಯಸ್ಸೆಷ್ಟು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹದಿನೇಳು. ಚೆನ್ನಾಗೇ ಆಡ್ತಾನೆ ಮಾವ. ಪಾಪ, ಈ ವರ್ಷ ಅವನಿಗೇ ಚಾನ್ಸ್ ಸಿಗುತ್ತೆ ಅಂದ್ಕೊಂಡಿದ್ನಂತೆ."